ಚೌಕಿಯ ಕನ್ನಡಿ, ಅನಿಮೆಯ ಕಣ್ಣು

ಪುತ್ತೂರು, ಸುಳ್ಯ, ಕಡಬ ಸೀಮೆಯ ಹೈಸ್ಕೂಲು ಮಕ್ಕಳ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಕೊನೆಯ ಪುಟದಲ್ಲಿ ಒಂದು ಕಣ್ಣು ಸಿಗುವುದು ಈಗ ಸಾಮಾನ್ಯ. ದಪ್ಪ ಮೇಲ್ರೆಪ್ಪೆ, ಅದರಡಿಯಲ್ಲಿ ಮುಖದ ಕಾಲುಭಾಗವನ್ನೇ ತುಂಬುವಂಥ ಕಣ್ಣು, ಅದರೊಳಗೆ ಒಂದೆರಡು ಬಿಳಿ ಚುಕ್ಕೆ. ಟಿ.ವಿ.ಯಲ್ಲಿ ಡೋರೇಮಾನ್ ನೋಡಿ ಬೆಳೆದು, ಈಗ ಮೊಬೈಲಿನಲ್ಲಿ ನರುಟೊದಂಥ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡುವವರು ಬರೆದ ಕಣ್ಣು ಅದು. ಹೆಚ್ಚಿನ ಪುಟಗಳಲ್ಲಿ ಒಂದೇ ಕಣ್ಣು ಇರುತ್ತದೆ. ಇನ್ನೊಂದರ ಮೇಲೆ ಕೂದಲು ಇಳಿಬಿಟ್ಟಿರುತ್ತಾರೆ. ಎರಡನೆಯ ಕಣ್ಣನ್ನು ಮೊದಲನೆಯದಕ್ಕೆ ಹೊಂದುವ ಹಾಗೆ ಬರೆಯುವುದು ಎಷ್ಟು ಕಷ್ಟ ಎಂಬುದು ಬರೆದವರಿಗೆಲ್ಲ ಗೊತ್ತು.

ಈ ಕೊನೆಯ ಪುಟಗಳನ್ನು ನಾನು ಗೌರವದಿಂದ ನೋಡುತ್ತೇನೆ. ಯಾರೂ ಹೇಳಿಕೊಡದೆ, ಮಾರ್ಕಿನ ಆಸೆಯಿಲ್ಲದೆ ಮಕ್ಕಳು ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಾರೆಂದರೆ ಅಲ್ಲಿ ನಿಜವಾದ ಕಲಿಕೆ ನಡೆಯುತ್ತಿದೆ. ಆದರೆ ಹೆಚ್ಚಿನವರು ಒಂದು ಹಂತದಲ್ಲಿ ಸಿಕ್ಕಿಬೀಳುತ್ತಾರೆ. ಗೆರೆಗಳೆಲ್ಲ ಸರಿಯಾಗಿವೆ, ಕಣ್ಣು ಮಾತ್ರ ಏನನ್ನೂ ಹೇಳುವುದಿಲ್ಲ. ಸಿಟ್ಟಿನ ಕಣ್ಣೂ ಹೆದರಿದ ಕಣ್ಣೂ ಒಂದೇ ತರ ಕಾಣುತ್ತವೆ. ಪರದೆಯ ಮೇಲಿನ ಗೆರೆಯನ್ನು ನಕಲು ಮಾಡಿದ್ದಾರೆ. ಆ ಗೆರೆ ಹಾಗೇಕೆ ಬಾಗಿದೆ ಎಂಬುದನ್ನು ಯಾರೂ ಅವರಿಗೆ ತೋರಿಸಿಲ್ಲ. ಅದನ್ನು ತಿಳಿಯಲು ಎರಡು ದಾರಿಗಳಿವೆ: ಒಂದು ಕಣ್ಣಿನ ವಿಜ್ಞಾನ, ಇನ್ನೊಂದು ಯಕ್ಷಗಾನದ ಚೌಕಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ. ಎರಡೂ ಒಂದೇ ಕಡೆಗೆ ಒಯ್ಯುತ್ತವೆ ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಒಂದು ಸಣ್ಣ ಲೆಕ್ಕ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದೆದುರಿನ ದೇವರಮಾರು ಗದ್ದೆಯಂಥ ಬಯಲಿನಲ್ಲಿ ಯಕ್ಷಗಾನದ ಆಟ ನಡೆಯುತ್ತಿದೆ, ನೀವು ರಂಗಸ್ಥಳದಿಂದ 20 ಮೀಟರ್ ದೂರದಲ್ಲಿ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ದೋಷವಿಲ್ಲದ ಮನುಷ್ಯನ ಕಣ್ಣು ಒಂದು ಡಿಗ್ರಿಯ 60ರಲ್ಲಿ ಒಂದು ಪಾಲಿನಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. 20 ಮೀಟರ್ ದೂರದಲ್ಲಿ ಈ ಕೋನ ಸುಮಾರು 6 ಮಿಲಿಮೀಟರಿಗೆ ಸಮ. ಅದಕ್ಕಿಂತ ಚಿಕ್ಕ ವಿವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಈಗ ವೇಷಧಾರಿಯ ಕಣ್ಣನ್ನು ಅಳೆಯೋಣ. ತೆರೆದ ಕಣ್ಣಿನ ಅಗಲ ಸುಮಾರು 30 ಮಿಲಿಮೀಟರ್, ಎತ್ತರ 10. ನಡುವಿನ ಬಣ್ಣದ ಉರುಟು, ಅಂದರೆ ವರ್ಣಪಟಲ, 12 ಮಿಲಿಮೀಟರ್. ಅದರ ನಡುವಿನ ಪಾಪೆ ಬೆಳಕಿಗೆ ತಕ್ಕಂತೆ 2ರಿಂದ 8 ಮಿಲಿಮೀಟರ್. ಮನುಷ್ಯ ಬೆಚ್ಚಿದಾಗ ಮೇಲ್ರೆಪ್ಪೆ ಏರುವುದು ಒಂದೆರಡು ಮಿಲಿಮೀಟರ್ ಮಾತ್ರ. ಹಾಗಾದರೆ 20 ಮೀಟರ್ ದೂರದ ಪ್ರೇಕ್ಷಕನಿಗೆ ಬಣ್ಣ ಹಚ್ಚದ ಮುಖದಲ್ಲಿ ಭಯ, ಕೋಪ, ಬೆರಗು ಯಾವುದೂ ಕಣ್ಣಿನಿಂದ ತಲುಪುವುದಿಲ್ಲ. ಬೆಳಕು ಕಡಿಮೆಯಾದರೆ ದೃಷ್ಟಿಯ ಸೂಕ್ಷ್ಮತೆ ಇನ್ನೂ ಕುಗ್ಗುತ್ತದೆ. ದೀವಟಿಗೆಯ ಕಾಲದಲ್ಲಿ ಆಟ ನೋಡಿದವರ ಪಾಡು ಯೋಚಿಸಿ.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮುಖವರ್ಣಿಕೆ ಈ ಲೆಕ್ಕಕ್ಕೆ ಕೊಟ್ಟ ಉತ್ತರ. ಕಿರೀಟವೇಷದ ಕಣ್ಣಿಗೆ ಕಾಡಿಗೆ ಹಚ್ಚುವಾಗ ಗೆರೆ ಕಣ್ಣಿನ ಕೊನೆಯಲ್ಲಿ ನಿಲ್ಲುವುದಿಲ್ಲ. ಕಪೋಲದ ಮೇಲಿನ ಅಂಚಿಗೆ ಚಾಚುತ್ತದೆ. ಹುಬ್ಬು ತನ್ನ ಸಹಜ ಜಾಗದಿಂದ ಮೇಲೆದ್ದು ದಪ್ಪವಾಗುತ್ತದೆ. 30 ಮಿಲಿಮೀಟರಿನ ಕಣ್ಣು ಎರಡರಷ್ಟಾಗುತ್ತದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಬಂದರೆ ಇಡೀ ಮುಖವೇ ಕಣ್ಣಿನ ಸುತ್ತ ಕಟ್ಟಿದ ರಚನೆ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮಾಡಿದ ಚುಟ್ಟಿಯನ್ನು ಸಾಲುಸಾಲಾಗಿ ಇಡುತ್ತ ಹೋಗಲು ಗಂಟೆಗಟ್ಟಲೆ ಬೇಕು. ಆ ಬಿಳಿ ಸಾಲುಗಳ ನಡುವೆ ಕೆಂಪು, ಕಪ್ಪು. ಅದರ ನಟ್ಟನಡುವೆ ಕಾಡಿಗೆಯ ವಲಯದೊಳಗಿಂದ ಕಣ್ಣಿನ ಬಿಳಿ ಹೊಳೆಯುತ್ತದೆ. ಒಂದು ಬಣ್ಣ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಅದರ ಪಕ್ಕದ ಬಣ್ಣ ನಿರ್ಧರಿಸುತ್ತದೆ. ಕಪ್ಪಿನ ಪಕ್ಕದಲ್ಲಿ ಬಿಳಿ ಇನ್ನಷ್ಟು ಬಿಳಿ. ಬಣ್ಣದ ಮಾಲಿಂಗ ಎಂದೇ ಹೆಸರಾದ ಹಿರಿಯ ಕಲಾವಿದರಂಥವರು ಇದನ್ನು ಯಾವ ದೃಷ್ಟಿಶಾಸ್ತ್ರದ ಪುಸ್ತಕದಿಂದಲೂ ಕಲಿತದ್ದಲ್ಲ. ಸಣ್ಣ ಕನ್ನಡಿಯೊಂದನ್ನು ಎದುರಿಗಿಟ್ಟು, ನೆಲದಲ್ಲಿ ಕೂತು, ತಮ್ಮ ಮುಖವನ್ನು ತಾವೇ ಬರೆದು ಕಲಿತದ್ದು. ಯಕ್ಷಗಾನದಲ್ಲಿ ಪ್ರತಿಯೊಬ್ಬ ವೇಷಧಾರಿಯೂ ತನ್ನ ಬಣ್ಣಗಾರಿಕೆಯನ್ನು ತಾನೇ ಮಾಡಿಕೊಳ್ಳುವ ಪದ್ಧತಿ ಇರುವುದರಿಂದ ನೂರಾರು ಜನ ಕಣ್ಣು ಬರೆಯುವ ವಿದ್ಯೆಯನ್ನು ತಲೆಮಾರುಗಳ ಕಾಲ ಕೈಯಲ್ಲಿ ಉಳಿಸಿಕೊಂಡಿದ್ದಾರೆ.

ಹಳೆಯ ಬಣ್ಣಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ದೀವಟಿಗೆಯ ಬೆಳಕಿನಲ್ಲಿ ಕೆಂಪು ಹಳದಿ ಹೆಚ್ಚು, ನೀಲಿ ಕಡಿಮೆ. ಹಾಗಾಗಿ ಇಂಗಳೀಕದ ಕೆಂಪು, ಅರದಾಳದ ಹಳದಿ ಆ ಬೆಳಕಿಗೆ ಹೇಳಿ ಮಾಡಿಸಿದ ಬಣ್ಣಗಳು. ಆದರೆ ಇಂಗಳೀಕ ಪಾದರಸದ ಸಲ್ಫೈಡ್, ಅರದಾಳ ಆರ್ಸೆನಿಕ್‌ನ ಸಲ್ಫೈಡ್. ಎರಡೂ ಮೈಗೆ ಒಳ್ಳೆಯದಲ್ಲ. ಶಾಲೆಯಲ್ಲಿ ಮಕ್ಕಳಿಗೆ ವೇಷ ಹಾಕಿಸುವವರು ಇವನ್ನು ದೂರವಿಡಿ.

ಈಗ ಜಪಾನಿಗೆ ಹೋಗೋಣ. ಅನಿಮೆಯ ದೊಡ್ಡ ಕಣ್ಣಿನ ಕತೆಯಲ್ಲಿ ಎಲ್ಲರೂ ಹೇಳುವ ಹೆಸರು ಒಸಾಮು ತೆಜುಕಾ ಅವರದು. 1928ರಲ್ಲಿ ಹುಟ್ಟಿದ, ವೈದ್ಯಕೀಯ ಓದಿದ ಈ ಚಿತ್ರಕಾರರು 1952ರಲ್ಲಿ ಶುರುಮಾಡಿದ ಯಂತ್ರಬಾಲಕನ ಚಿತ್ರಕತೆ ಹೊರಜಗತ್ತಿಗೆ ಆಸ್ಟ್ರೋ ಬಾಯ್ ಎಂದು ಪರಿಚಯ. ಅವರು ಡಿಸ್ನಿಯ ಚಿತ್ರಗಳಿಂದ ದೊಡ್ಡ ಕಣ್ಣು ಪಡೆದರು ಎಂಬಲ್ಲಿಗೆ ಸಾಮಾನ್ಯವಾಗಿ ಕತೆ ಮುಗಿಯುತ್ತದೆ. ಅದು ನಿಜವೇ. ಆದರೆ ಅರ್ಧ ಮಾತ್ರ ನಿಜ. ತೆಜುಕಾ ಬೆಳೆದದ್ದು ತಕರಾಜುಕಾ ಎಂಬ ಊರಿನಲ್ಲಿ. ಅಲ್ಲಿ 1913ರಲ್ಲಿ ಸ್ಥಾಪನೆಯಾದ ಒಂದು ನಾಟಕ ಕಂಪನಿ ಇದೆ; ಗಂಡು ಪಾತ್ರ, ಹೆಣ್ಣು ಪಾತ್ರ ಎಲ್ಲವನ್ನೂ ಹೆಂಗಸರೇ ಮಾಡುವ ಸಂಗೀತ ನಾಟಕ. ದೊಡ್ಡ ಸಭಾಂಗಣ, ದೂರದ ಪ್ರೇಕ್ಷಕರು, ಮುಖದ ಮೇಲೆ ಬೀಳುವ ಬಲವಾದ ಬೆಳಕು. ನಟಿಯರು ಕಣ್ಣಿನ ಸುತ್ತ ದಪ್ಪ ಗೆರೆ ಬರೆದು, ರೆಪ್ಪೆಗೂದಲನ್ನು ಉದ್ದ ಮಾಡಿ ಕಣ್ಣನ್ನು ದೊಡ್ಡದು ಮಾಡಿಕೊಳ್ಳುತ್ತಿದ್ದರು. ಬಾಲಕ ತೆಜುಕಾ ತಾಯಿಯ ಜೊತೆ ಈ ನಾಟಕಗಳನ್ನು ನೋಡುತ್ತ ಬೆಳೆದರು. 1953ರಲ್ಲಿ ಅವರು ಹುಡುಗಿಯರಿಗಾಗಿ ಬರೆದ ರಾಜಕುಮಾರಿಯ ಚಿತ್ರಕತೆಯ ಮೇಲೆ ಈ ರಂಗದ ಪ್ರಭಾವ ಸ್ಪಷ್ಟವಾಗಿದೆ. ಹುಡುಗಿಯರ ಮಾಸಪತ್ರಿಕೆಗಳಲ್ಲಿ ಜುನಿಚಿ ನಕಹಾರಾ ಅವರಂಥ ಚಿತ್ರಕಾರರು ಮೊದಲೇ ದೊಡ್ಡ ಕಣ್ಣುಗಳನ್ನು ಬರೆಯುತ್ತಿದ್ದರು. 1950ರ ದಶಕದ ಕೊನೆಗೆ ಮಕೊತೊ ತಕಾಹಾಶಿ ಕಣ್ಣಿನೊಳಗೆ ನಕ್ಷತ್ರದ ಮಿನುಗು ತಂದರು.

ಅಂದರೆ ನೋಟ್‌ಬುಕ್ಕಿನ ಕೊನೆಯ ಪುಟದ ಆ ಕಣ್ಣಿನ ವಂಶದಲ್ಲಿ ಒಬ್ಬ ಹಿರಿಯರು ರಂಗದ ಬಣ್ಣ. ಜಪಾನಿನ ಸಭಾಂಗಣದಲ್ಲೂ ನಮ್ಮ ಗದ್ದೆಯ ರಂಗಸ್ಥಳದಲ್ಲೂ ಒಂದೇ ತೊಡಕು: ಕಣ್ಣು ಚಿಕ್ಕದು, ನೋಡುವವರು ದೂರ. ಎರಡು ಊರಿನವರೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಪರಿಹಾರ ಕಂಡುಕೊಂಡರು.

ಟಿ.ವಿ. ಬಂದಾಗ ಇದೇ ತೊಡಕು ಇನ್ನೊಂದು ರೂಪದಲ್ಲಿ ಬಂತು. 1963ರ ಜನವರಿ 1ರಂದು ಆಸ್ಟ್ರೋ ಬಾಯ್ ಜಪಾನಿನ ಟಿ.ವಿ.ಯಲ್ಲಿ ಶುರುವಾಯಿತು. ಪರದೆ ಚಿಕ್ಕದು, ಚಿತ್ರ ಮಸುಕು, ಕಪ್ಪು ಬಿಳುಪು. ಹಣವೂ ಕಡಿಮೆ, ವಾರಕ್ಕೊಂದು ಕಂತು ಕೊಡಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ತೆಜುಕಾ ತಂಡ ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿನವರೆಗೆ ನಿಲ್ಲಿಸಿ, ಸೆಕೆಂಡಿಗೆ ಎಂಟೇ ಚಿತ್ರದಲ್ಲಿ ಕೆಲಸ ನಡೆಸಿತು. ಎಷ್ಟೋ ಕಡೆ ಮೈ ಅಲುಗುವುದೇ ಇಲ್ಲ. ಕೈಕಾಲು ಆಡಿಸಲು ಹತ್ತಾರು ಚಿತ್ರ ಬೇಕು; ರೆಪ್ಪೆ ಇಳಿಸಲು ಎರಡು ಮೂರು ಸಾಕು. ಭಾವದ ಭಾರವೆಲ್ಲ ಕಣ್ಣಿಗೆ ಬಿತ್ತು.

ಕಣ್ಣು ಆ ಭಾರ ಹೊರಬಲ್ಲದು. ಅದಕ್ಕೆ ಕಾರಣ ನಮ್ಮ ದೇಹದಲ್ಲಿದೆ. 1997ರಲ್ಲಿ ಜಪಾನಿನ ಹಿರೋಮಿ ಕೊಬಯಾಶಿ ಮತ್ತು ಶಿರೋ ಕೊಹ್ಶಿಮಾ ಮಂಗ, ವಾನರ, ಮನುಷ್ಯರ ಕಣ್ಣುಗಳನ್ನು ಅಳೆದು ಹೋಲಿಸಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯನ ಕಣ್ಣು ಅಡ್ಡಕ್ಕೆ ಹೆಚ್ಚು ಉದ್ದ, ಅದರಲ್ಲಿ ಬಿಳಿ ಭಾಗ ಹೆಚ್ಚು ತೆರೆದಿದೆ, ಆ ಬಿಳಿಯಲ್ಲಿ ಬಣ್ಣವಿಲ್ಲ. ಹೆಚ್ಚಿನ ವಾನರಗಳಲ್ಲಿ ಆ ಜಾಗ ಕಂದು ಅಥವಾ ಕಪ್ಪು. ಕೆಲವು ಗೊರಿಲ್ಲಾಗಳ ಕಣ್ಣಲ್ಲೂ ಬಿಳಿ ಇದೆ ಎಂದು ಆಮೇಲೆ ಬೇರೆಯವರು ತೋರಿಸಿದ್ದರಿಂದ ಈ ಗಡಿ ಮೊದಲು ಅಂದುಕೊಂಡಷ್ಟು ಖಂಡಿತವಲ್ಲ. ಆದರೂ ಬಿಳಿಯ ಮೇಲೆ ಕಪ್ಪು ಉರುಟು ಇದ್ದರೆ ಅದು ಯಾವ ಕಡೆ ಹೊರಳಿದೆ ಎಂಬುದು ದೂರಕ್ಕೂ ತಿಳಿಯುತ್ತದೆ ಎಂಬ ಮೂಲ ಮಾತು ಗಟ್ಟಿ. ಬೇಟೆಯ ಪ್ರಾಣಿ ತಾನು ಎತ್ತ ನೋಡುತ್ತಿದ್ದೇನೆಂದು ತೋರಿಸಿಕೊಡುವುದು ಅಪಾಯ. ಕೂಡಿ ಕೆಲಸ ಮಾಡುವ ಮನುಷ್ಯನಿಗೆ ಅದೇ ಲಾಭ. ಹುಟ್ಟಿ ಕೆಲವೇ ದಿನವಾದ ಮಗು ಕೂಡ ಬೇರೆಡೆ ನೋಡುವ ಮುಖಕ್ಕಿಂತ ತನ್ನನ್ನೇ ನೋಡುವ ಮುಖವನ್ನು ಹೆಚ್ಚು ಹೊತ್ತು ನೋಡುತ್ತದೆ ಎಂದು ತೆರೇಸಾ ಫರೋನಿ ತಂಡ 2002ರಲ್ಲಿ ತೋರಿಸಿತು.

ಬಿಳಿಯ ಪ್ರಮಾಣವೂ ಮಾತಾಡುತ್ತದೆ. 2004ರಲ್ಲಿ ಪಾಲ್ ವ್ಹೇಲನ್ ತಂಡ ಒಂದು ಪ್ರಯೋಗ ಮಾಡಿತು. ಮುಖದಿಂದ ಎಲ್ಲವನ್ನೂ ಅಳಿಸಿ, ಕಣ್ಣಿನ ಬಿಳಿಯ ಆಕಾರವನ್ನಷ್ಟೇ 17 ಮಿಲಿಸೆಕೆಂಡ್ ಹೊತ್ತು ತೋರಿಸಿದರು. ಅಷ್ಟು ಹೊತ್ತಿನಲ್ಲಿ ನೋಡುವವನಿಗೆ ತಾನು ಕಣ್ಣಿನ ಬಿಳಿಯನ್ನು ನೋಡಿದೆ ಎಂದೂ ಅನ್ನಿಸುವುದಿಲ್ಲ. ಆದರೂ ಹೆದರಿದ ಕಣ್ಣಿನ ದೊಡ್ಡ ಬಿಳಿಗೆ ಮಿದುಳಿನ ಅಮಿಗ್ಡಲಾ ಎಂಬ ಭಾಗ ಹೆಚ್ಚು ಸ್ಪಂದಿಸಿತು. ಭಯದ ಸುದ್ದಿಯನ್ನು ಮಿದುಳು ಓದುವುದು ಬಿಳಿಯಿಂದ.

ಇಲ್ಲಿ ಅನಿಮೆಯ ಒಂದು ಒಗಟು ಬಿಡಿಸಿಕೊಳ್ಳುತ್ತದೆ. ಪಾತ್ರಕ್ಕೆ ಆಘಾತವಾದಾಗ ಅನಿಮೆ ಚಿತ್ರಕಾರರು ಕಣ್ಣಿನ ಕಪ್ಪು ಭಾಗವನ್ನು ಚುಕ್ಕೆಯಷ್ಟು ಚಿಕ್ಕದು ಮಾಡಿ, ಸುತ್ತ ಬಿಳಿಯನ್ನು ಖಾಲಿ ಬಿಡುತ್ತಾರೆ. ದೇಹಶಾಸ್ತ್ರದ ಪ್ರಕಾರ ಇದು ತಪ್ಪು. ಹೆದರಿದ ಮನುಷ್ಯನ ಪಾಪೆ ಹಿಗ್ಗುತ್ತದೆ, ವರ್ಣಪಟಲದ ಅಳತೆ ಬದಲಾಗುವುದೇ ಇಲ್ಲ. ಮತ್ತೆ ಆ ಚಿತ್ರ ನೋಡಿದ ಕೂಡಲೇ ನಮಗೆ ಭಯ ಅರ್ಥವಾಗುವುದೇಕೆ? ನಿಜವಾದ ಮುಖದಲ್ಲಿ ರೆಪ್ಪೆ ಮೇಲೇರಿ ಬಿಳಿ ಹೆಚ್ಚುತ್ತದೆ. ಅನಿಮೆಯ ಕಣ್ಣು ಮೊದಲೇ ಅಗಲವಾಗಿ ತೆರೆದಿರುವುದರಿಂದ ರೆಪ್ಪೆಗೆ ಇನ್ನು ಏರಲು ಜಾಗವಿಲ್ಲ. ಬಿಳಿ ಹೆಚ್ಚಬೇಕಾದರೆ ಕಪ್ಪು ಚಿಕ್ಕದಾಗಲೇಬೇಕು. ಚಿತ್ರಕಾರ ಅಂಗರಚನೆಯನ್ನು ಬಿಟ್ಟುಕೊಟ್ಟು ಸಂಕೇತವನ್ನು ಉಳಿಸಿಕೊಂಡ ಎಂದೇ ನನ್ನ ತಿಳಿವಳಿಕೆ. ಇದನ್ನು ಅರಿತು ಬರೆಯುವ ಹುಡುಗಿಗೂ ಸುಮ್ಮನೆ ನಕಲು ಮಾಡುವ ಹುಡುಗನಿಗೂ ವ್ಯತ್ಯಾಸವಿದೆ: ಅವಳು ಕಪ್ಪನ್ನು ಎಲ್ಲಿಯವರೆಗೆ ಕುಗ್ಗಿಸಬೇಕೆಂದು ತಾನೇ ತೀರ್ಮಾನಿಸಬಲ್ಲಳು.

ಬಿಳಿಯನ್ನು ಕೆಂಪು ಮಾಡಿದರೂ ಅರ್ಥ ಬದಲಾಗುತ್ತದೆ. ಕಥಕಳಿಯವರು ಸುಂಡೆ ಜಾತಿಯ ಗಿಡದ ಹೂವಿನ ಒಳಭಾಗವನ್ನು ಉಜ್ಜಿ ತಯಾರಿಸಿದ ಸಣ್ಣ ಕಾಳೊಂದನ್ನು ಕೆಳರೆಪ್ಪೆಯೊಳಗೆ ಇಟ್ಟುಕೊಂಡು ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಪ್ರಯೋಗ ಮಾಡಬಾರದು. ಪೆನ್ಸಿಲಿನವರಿಗೆ ಬಿಳಿಯ ಮೂಲೆಯಲ್ಲಿ ತೆಳು ನೆರಳು ಸಾಕು.

ಇನ್ನು ರೆಪ್ಪೆ. ಕಣ್ಣಿನ ಅಭಿನಯದಲ್ಲಿ ಮುಕ್ಕಾಲು ಪಾಲು ರೆಪ್ಪೆ ಮತ್ತು ಹುಬ್ಬಿನದು ಎಂದು ನಾನು ಹೇಳುತ್ತೇನೆ. ನಂಬಿಕೆಯಾಗದಿದ್ದರೆ ಹಾವನ್ನು ನೆನೆಯಿರಿ. ನಾಗನ ನೆಲೆ ಎಂದು ನಾವೆಲ್ಲ ಕೈಮುಗಿಯುವ ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬ ತಾಲ್ಲೂಕಿನಲ್ಲಿದೆ. ಕುಮಾರಧಾರೆಯ ದಂಡೆಯ ಕಾಡು, ಅಡಿಕೆ ತೋಟಗಳಲ್ಲಿ ಹಾವು ಕಾಣದವರಿಲ್ಲ. ಹಾವಿನ ಕಣ್ಣಲ್ಲಿ ಭಾವ ಓದಿದವರೂ ಇಲ್ಲ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಕೂತಿದೆ, ಪೊರೆ ಬಿಡುವಾಗ ಅದೂ ಕಳಚಿ ಬರುತ್ತದೆ. ಹಸಿವು, ಭಯ, ನಿದ್ದೆ ಎಲ್ಲಕ್ಕೂ ಅದರದು ಒಂದೇ ನೋಟ. ಮಕ್ಕಳು ಬರೆಯುವ ಅನಿಮೆ ಕಣ್ಣು ಖಾಲಿಯಾಗಿ ಕಾಣುವುದೂ ಇದೇ ಕಾರಣಕ್ಕೆ. ಪೂರ್ತಿ ಉರುಟಾದ ವರ್ಣಪಟಲವನ್ನು ರೆಪ್ಪೆಗೆ ತಾಗಿಸದೆ ಬಿಳಿಯ ನಡುವೆ ತೇಲಲು ಬಿಟ್ಟಿರುತ್ತಾರೆ.

ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡಿಕೊಳ್ಳಿ. ಸುಮ್ಮನಿದ್ದಾಗ ಮೇಲ್ರೆಪ್ಪೆ ವರ್ಣಪಟಲದ ಮೇಲಂಚನ್ನು ಒಂದೆರಡು ಮಿಲಿಮೀಟರ್ ಮುಚ್ಚಿರುತ್ತದೆ, ಕೆಳರೆಪ್ಪೆ ಕೆಳಂಚನ್ನು ತಾಗಿಕೊಂಡಿರುತ್ತದೆ. ಇದು ಶಾಂತ ಕಣ್ಣು. ಬೇರೆಲ್ಲ ಭಾವವನ್ನು ಇದರಿಂದ ಅಳೆಯಬೇಕು. ಮೇಲ್ರೆಪ್ಪೆಯನ್ನು ಎತ್ತಲು ಎರಡು ಸ್ನಾಯುಗಳಿವೆ. ಒಂದು ನಮ್ಮ ಮಾತು ಕೇಳುತ್ತದೆ. ಇನ್ನೊಂದು, ಮ್ಯುಲರ್ ಸ್ನಾಯು, ನಮ್ಮ ಅಂಕೆಯಲ್ಲಿಲ್ಲ. ಎದೆ ಹೊಡೆದುಕೊಳ್ಳುವಾಗ, ಅಂಗೈ ಬೆವರುವಾಗ ಕೆಲಸ ಮಾಡುವ ನರವ್ಯೂಹವೇ ಇದನ್ನೂ ಎಳೆಯುತ್ತದೆ. ಭಯವನ್ನು ಅಡಗಿಸಲು ನೋಡಿದರೂ ಕಣ್ಣು ಹೇಳಿಬಿಡುವುದು ಇದರಿಂದ. ವರ್ಣಪಟಲದ ಮೇಲೆ ಒಂದು ಗೆರೆಯಷ್ಟು ಬಿಳಿ ಕಂಡಿತೆಂದರೆ ಭಯ ಅಥವಾ ಬೆರಗು. ಅದೇ ಬಿಳಿ ಕಂಡು ಹುಬ್ಬು ಕೆಳಗಿಳಿದು ಗಂಟಿಕ್ಕಿದ್ದರೆ ಉಗ್ರ ಕೋಪ. ಹುಬ್ಬಿನ ಒಳತುದಿ ಮಾತ್ರ ಮೇಲಕ್ಕೆದ್ದರೆ ದುಃಖ. 1872ರಲ್ಲಿ ಭಾವಗಳ ಬಗ್ಗೆ ಬರೆದ ಪುಸ್ತಕದಲ್ಲಿ ಡಾರ್ವಿನ್ ಈ ಹುಬ್ಬನ್ನು ವಿವರವಾಗಿ ಗಮನಿಸಿದ್ದಾರೆ. ಬೇಕೆಂದು ಇದನ್ನು ಮಾಡಿ ನೋಡಿ, ಹೆಚ್ಚಿನವರಿಗೆ ಬರುವುದಿಲ್ಲ.

ನಗುವಿನ ಕತೆ ಕೆಳರೆಪ್ಪೆಯದು. ಫ್ರಾನ್ಸಿನ ವೈದ್ಯ ದ್ಯುಶೆನ್ ಮುಖದ ಸ್ನಾಯುಗಳಿಗೆ ಒಂದೊಂದಾಗಿ ವಿದ್ಯುತ್ ಹಾಯಿಸಿ ಪರೀಕ್ಷಿಸಿ, 1862ರಲ್ಲಿ ಚಿತ್ರಗಳ ಸಮೇತ ಪ್ರಕಟಿಸಿದರು. ಬಾಯಿಯ ಕೊನೆಯನ್ನು ಮೇಲೆಳೆಯುವ ಸ್ನಾಯು ಯಾವಾಗ ಬೇಕಾದರೂ ಕೆಲಸ ಮಾಡುತ್ತದೆ. ಕಣ್ಣಿನ ಸುತ್ತ ಉಂಗುರದ ಹಾಗಿರುವ ಸ್ನಾಯು ಬಿಗಿಯುವುದು ಮನಸಾರೆ ನಗುವಾಗ ಎಂದರು ಅವರು. ಆಗ ಕೆನ್ನೆ ಉಬ್ಬಿ ಕೆಳರೆಪ್ಪೆಯನ್ನು ಮೇಲಕ್ಕೆ ತಳ್ಳುತ್ತದೆ. ಅನಿಮೆಯಲ್ಲಿ ಖುಷಿಯ ಕಣ್ಣು ಮೇಲಕ್ಕೆ ಬಾಗಿದ ಒಂದೇ ಕಮಾನು ಆಗಿಬಿಡುವುದು ಇದರಿಂದಲೇ. ನಿದ್ದೆಯ ಕಣ್ಣಿನ ಕಮಾನು ಕೆಳಕ್ಕೆ ಬಾಗುತ್ತದೆ, ಏಕೆಂದರೆ ಅಲ್ಲಿ ಇಳಿದದ್ದು ಮೇಲ್ರೆಪ್ಪೆ. ಒಂದೇ ಗೆರೆ, ತಿರುಗಿಸಿದರೆ ಭಾವ ಬೇರೆ. ಜಪಾನಿನವರು ಮೊಬೈಲಿನಲ್ಲಿ ಕಳಿಸುವ ನಗುಮುಖದಲ್ಲೂ ಬಾಯಿಗಿಂತ ಕಣ್ಣಿಗೇ ಈ ಕಮಾನು ಹಾಕುತ್ತಾರೆ. ಭಾವ ಓದುವಾಗ ಜಪಾನಿನವರು ಕಣ್ಣನ್ನೂ ಅಮೆರಿಕದವರು ಬಾಯನ್ನೂ ಹೆಚ್ಚು ನೆಚ್ಚುತ್ತಾರೆ ಎಂದು ಮಸಾಕಿ ಯುಕಿ ತಂಡ 2007ರಲ್ಲಿ ತೋರಿಸಿದೆ. ನಮ್ಮ ಬಣ್ಣದ ವೇಷದಲ್ಲಿ ಬಾಯಿ ಬಣ್ಣದೊಳಗೆ ಮುಚ್ಚಿಹೋಗುವುದನ್ನು ನೆನೆದರೆ ನಾವೂ ಕಣ್ಣನ್ನೇ ನೆಚ್ಚಿದವರು ಎನ್ನಬೇಕು.

ಹೊಳಪಿನ ಚುಕ್ಕೆಗೆ ಬರೋಣ. ಮಕ್ಕಳು ಅದನ್ನು ಕೊನೆಗೆ, ಅಲಂಕಾರಕ್ಕೆಂದು ಇಡುತ್ತಾರೆ. ಅದು ಅಲಂಕಾರವಲ್ಲ. ಕಣ್ಣಿನ ಮುಂಭಾಗದ ಕಾರ್ನಿಯಾ ಉಬ್ಬಿದ ಕನ್ನಡಿಯಂತೆ ವರ್ತಿಸುವುದರಿಂದ ಎದುರಿಗಿರುವ ಕಿಟಕಿ, ದೀಪ, ಆಕಾಶ ಅಲ್ಲಿ ಚಿಕ್ಕದಾಗಿ ಮೂಡುತ್ತದೆ. ಕಾರ್ನಿಯಾ ಹೊಳೆಯಬೇಕಾದರೆ ಕಣ್ಣೀರಿನ ತೆಳು ಪದರ ಅದನ್ನು ಸದಾ ಒದ್ದೆಯಾಗಿಡಬೇಕು, ಅದಕ್ಕೆ ರೆಪ್ಪೆ ಬಡಿಯುತ್ತಲೇ ಇರಬೇಕು. ಸತ್ತ ಮೀನಿನ ಕಣ್ಣು ಮಂಕಾಗುವುದನ್ನು ಮಾರ್ಕೆಟ್ಟಿನಲ್ಲಿ ಎಲ್ಲರೂ ನೋಡಿದ್ದಾರೆ. ಹೊಳಪು ಇದ್ದರೆ ಜೀವ ಇದೆ ಎಂದು ಮಿದುಳು ಓದುವುದರಲ್ಲಿ ಅರ್ಥವಿದೆ. ಅನಿಮೆಯಲ್ಲಿ ಪಾತ್ರದ ಮನಸ್ಸು ಮುರಿದಾಗ ಚಿತ್ರಕಾರರು ಮೊದಲು ತೆಗೆಯುವುದು ಈ ಚುಕ್ಕೆಯನ್ನು. ಅಳು ಉಕ್ಕಿದಾಗ ಚುಕ್ಕೆಗಳನ್ನು ಹೆಚ್ಚಿಸಿ, ಅಲುಗಾಡಿಸುತ್ತಾರೆ, ಏಕೆಂದರೆ ನೀರು ತುಂಬಿದ ಕಣ್ಣಿನಲ್ಲಿ ಪ್ರತಿಬಿಂಬ ಕದಲುತ್ತದೆ.

ಬೆಳಕು ಕಾರ್ನಿಯಾದಿಂದ ಒಳಗೂ ಹೋಗುತ್ತದೆ. ಮೇಲೆ ಎಡದಿಂದ ಬಂದ ಬೆಳಕು ಬಾಗಿ, ವರ್ಣಪಟಲದ ಕೆಳ ಬಲಭಾಗದಲ್ಲಿ ಒಟ್ಟಾಗುತ್ತದೆ. ಮೇಲ್ಭಾಗಕ್ಕೆ ರೆಪ್ಪೆ ಮತ್ತು ಕೂದಲಿನ ನೆರಳು. ಹಾಗಾಗಿ ಅನಿಮೆಯ ವರ್ಣಪಟಲ ಮೇಲೆ ಕಪ್ಪು, ಕೆಳಗೆ ತಿಳಿ. ಮೇಲಿನ ಗೆರೆ ದಪ್ಪವಾಗಿ, ಕೆಳಗಿನ ಗೆರೆ ಅಲ್ಲಲ್ಲಿ ಬಿಟ್ಟುಬಿಡುವುದಕ್ಕೂ ಇದೇ ನೆರಳು ಕಾರಣ. ಬಣ್ಣದ ಪೆನ್ಸಿಲ್ ಇಲ್ಲದಿದ್ದರೂ ಇಷ್ಟನ್ನು ಮಾಡಬಹುದು.

ಪಾಪೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆಸಕ್ತಿ ಹುಟ್ಟಿದಾಗ, ಮನಸ್ಸು ಕಷ್ಟದ ಲೆಕ್ಕದಲ್ಲಿ ತೊಡಗಿದಾಗ ಪಾಪೆ ಹಿಗ್ಗುತ್ತದೆ ಎಂಬುದು 1960ರ ದಶಕದಲ್ಲಿ ಎಕ್‌ಹಾರ್ಡ್ ಹೆಸ್, ಡೇನಿಯಲ್ ಕಾನ್ಮನ್ ಮೊದಲಾದವರ ಕೆಲಸದಿಂದ ತಿಳಿಯಿತು. ಇಷ್ಟವಿಲ್ಲದ್ದನ್ನು ಕಂಡಾಗ ಅದು ಕುಗ್ಗುತ್ತದೆ ಎಂಬ ಹೆಸ್ ಅವರ ಮಾತು ನಿಲ್ಲಲಿಲ್ಲ. ಪ್ರೀತಿಯ ನೋಟಕ್ಕೆ ದೊಡ್ಡ ಪಾಪೆ ಬರೆಯಿರಿ, ಅಷ್ಟು ಸಾಕು.

ದೊಡ್ಡ ಕಣ್ಣು ಏಕೆ ಮುದ್ದಾಗಿ ಕಾಣುತ್ತದೆ? ಹುಟ್ಟಿದ ಮಗುವಿನ ಕಾರ್ನಿಯಾ ಆಗಲೇ ಸುಮಾರು 10 ಮಿಲಿಮೀಟರ್, ದೊಡ್ಡವರದು 12. ದೇಹದ ಬೇರೆ ಭಾಗಗಳು ಎಷ್ಟೋ ಪಟ್ಟು ಬೆಳೆಯುತ್ತವೆ, ಇದು ಬೆಳೆಯುವುದು ಎರಡೇ ಮಿಲಿಮೀಟರ್. ಚಿಕ್ಕ ಮುಖದಲ್ಲಿ ದೊಡ್ಡ ಕಪ್ಪು ಕಣ್ಣು ಎಂದರೆ ಶಿಶು. ದೊಡ್ಡ ಹಣೆ, ಕೆಳಗಿರುವ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ನಮ್ಮಲ್ಲಿ ಪಾಲನೆಯ ಮನಸ್ಸನ್ನು ಎಬ್ಬಿಸುತ್ತವೆ ಎಂದು ಕೊನ್ರಾಡ್ ಲೊರೆಂಜ್ 1943ರಲ್ಲಿ ಬರೆದರು. ಅವರ ಗೆಳೆಯ ಟಿನ್‌ಬರ್ಗೆನ್, ಹಕ್ಕಿಯೊಂದು ತನ್ನ ಮೊಟ್ಟೆಯನ್ನು ಬಿಟ್ಟು, ಪಕ್ಕದಲ್ಲಿಟ್ಟ ಅಳತೆ ಮೀರಿದ ನಕಲಿ ಮೊಟ್ಟೆಗೆ ಕಾವು ಕೊಡಲು ಹೋಗುವುದನ್ನು ತೋರಿಸಿದ್ದರು. ಸಹಜವಾದ ಕುರುಹನ್ನು ಅತಿಮಾಡಿದರೆ ಪ್ರತಿಕ್ರಿಯೆಯೂ ಹೆಚ್ಚುತ್ತದೆ. ಮಗುವಿನಂಥ ಪಾತ್ರಕ್ಕೆ ಕಣ್ಣು ತಲೆಯ ಅರ್ಧಕ್ಕಿಂತ ಕೆಳಗಿರಲಿ, ಖಳನಿಗೆ ಮೇಲಿರಲಿ, ಕಿರಿದಾಗಿರಲಿ.

ಉಳಿದದ್ದು ಎರಡನೆಯ ಕಣ್ಣು. ಎರಡು ಕಣ್ಣುಗಳ ನಡುವಿನ ಅಂತರ ಸುಮಾರು ಒಂದು ಕಣ್ಣಿನ ಅಗಲ. ಮೊದಲು ತೆಳುವಾಗಿ ಮೂರು ಮನೆ ಎಳೆದುಕೊಂಡು ನಡುವಿನದನ್ನು ಖಾಲಿ ಬಿಡಿ. ಎರಡೂ ಕಣ್ಣಿನ ಮೇಲ್ರೆಪ್ಪೆಯನ್ನು ಒಟ್ಟಿಗೆ ಬರೆಯಿರಿ, ಆಮೇಲೆ ಎರಡೂ ವರ್ಣಪಟಲ, ಆಮೇಲೆ ಹುಬ್ಬು. ಒಂದು ಕಣ್ಣನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎಂದೂ ಹೊಂದುವುದಿಲ್ಲ. ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ರೆಪ್ಪೆಯ ಆಕಾರ ಎಡಬಲಕ್ಕೆ ಕನ್ನಡಿಯಂತೆ ತಿರುಗುತ್ತದೆ, ಹೊಳಪಿನ ಚುಕ್ಕೆ ತಿರುಗುವುದಿಲ್ಲ. ದೀಪ ಎಡಕ್ಕಿದ್ದರೆ ಎರಡೂ ಕಣ್ಣಲ್ಲಿ ಚುಕ್ಕೆ ಎಡಕ್ಕೇ ಇರಬೇಕು. ಪಕ್ಕಕ್ಕೆ ನೋಡುವಾಗ ವರ್ಣಪಟಲವೂ ಹಾಗೆಯೇ, ಎರಡೂ ಒಂದೇ ಕಡೆಗೆ ಸರಿಯುತ್ತವೆ. ಜೊತೆಗೆ ಮೂಗನ್ನು ಮರೆಯಬೇಡಿ: ಬರೆದ ಕಣ್ಣುಗಳನ್ನು ಬದಲಿಸದೆ ಮೂಗು, ಮುಖದ ದಿಕ್ಕು ಬದಲಿಸಿದರೆ ನೋಟದ ದಿಕ್ಕೇ ಬದಲಾದಂತೆ ಕಾಣುತ್ತದೆ ಎಂದು ವುಲ್ಲಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1824ರಲ್ಲೇ ಚಿತ್ರ ಬರೆಸಿ ತೋರಿಸಿದ್ದರು.

ವಿಜ್ಞಾನವನ್ನೂ ಬಣ್ಣಗಾರಿಕೆಯನ್ನೂ ಹೀಗೆ ಒಟ್ಟಿಗೆ ಇಡುವುದು ಪುತ್ತೂರಿಗೆ ಹೊಸದಲ್ಲ. ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ, ಆಮೇಲೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬರೆದರು. ಅದೇ ಕಾರಂತರ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವೇಷವನ್ನೂ ನಕ್ಷತ್ರವನ್ನೂ ಒಂದೇ ಕುತೂಹಲದಿಂದ ನೋಡಿದ ಮನುಷ್ಯ ಅವರು. ಯಕ್ಷಗಾನದ ತರುಣ ವೀರರ ಪುಂಡುವೇಷಗಳಿಗೆ ಹೆಸರಾದ ಪುತ್ತೂರು ಶ್ರೀಧರ ಭಂಡಾರಿಯವರ ಊರೂ ಇದೇ. ಇಂಥ ಊರಿನ ಮಕ್ಕಳು ಕಣ್ಣು ಬರೆಯಲು ಮೊಬೈಲ್ ಒಂದನ್ನೇ ನೆಚ್ಚಬೇಕಾಗಿಲ್ಲ. ಅನಿಮೆ ಬಿಡಿ ಎಂದು ನಾನು ಹೇಳುತ್ತಿಲ್ಲ, ಬರೆಯಲಿ, ಇನ್ನೂ ಬರೆಯಲಿ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರಲ್ಲಿ ಒಂದು ಕೋರಿಕೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ನಿಮ್ಮೂರಿನಲ್ಲಿ ಆಟ ಇರುವ ದಿನ ಸಂಜೆ ನಾಲ್ಕು ಮಕ್ಕಳನ್ನು ಚೌಕಿಗೆ ಕರೆದುಕೊಂಡು ಹೋಗಿ. ಮೊದಲು ಹಿರಿಯ ಕಲಾವಿದರ ಅಪ್ಪಣೆ ಕೇಳಿ. ಮಕ್ಕಳು ಕೆಲಸಕ್ಕೆ ಅಡ್ಡಬಾರದ ಹಾಗೆ ಕೂತು, ಒಂದು ಕಣ್ಣು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಹೇಗೆ ತಯಾರಾಗುತ್ತದೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಆಮೇಲೆ ಆಟದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಂತು, ಬರೆದುಕೊಂಡದ್ದರಲ್ಲಿ ಯಾವ ಗೆರೆ ಅಲ್ಲಿಯವರೆಗೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಗುರುತು ಹಾಕಲಿ. ಮೇ ತಿಂಗಳ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಇದಕ್ಕೆ ಆರು ತಿಂಗಳ ಅವಕಾಶವಿದೆ.